ಕಣ್ಣಿಗೆ ಕಾಣದ ಕಾಡಿಗೆ



ಶಾಲೆಗಳಲ್ಲಿ ನಾವು ಪ್ರಬಂಧ ಬರೆಯುವುದನ್ನು ಕಲಿಸುತ್ತೇವೆ. ಆದರೆ ಬರೆದ ಪ್ರಬಂಧವನ್ನು ಬರೆದವನೇ ಓದಿ, ತೂಗಿ ನೋಡಿ, ತಿದ್ದಿಕೊಳ್ಳುವುದನ್ನು ಕಲಿಸುವುದು ತೀರ ಅಪರೂಪ. ಬರೆಯುವುದು ವಿದ್ಯಾರ್ಥಿಯ ಕೆಲಸ, ತಿದ್ದುವುದು ಮಾಸ್ತರರ ಕೆಲಸ ಎಂಬ ಪಾಲು ಎಷ್ಟು ರೂಢಿಯಾಗಿದೆಯೆಂದರೆ, ಅದು ಅನಾದಿಯಿಂದ ಬಂದ ಪದ್ಧತಿಯೆಂದೇ ನಾವು ನಂಬಿದ್ದೇವೆ. ವಾಸ್ತವದಲ್ಲಿ ಹಾಗಿಲ್ಲ. ನಮ್ಮ ನಾಡಿನಲ್ಲಿ ಬರೆದವರು ತಮ್ಮ ಬರಹವನ್ನು ಹೇಗೆ ಪರೀಕ್ಷಿಸಿಕೊಳ್ಳುತ್ತಿದ್ದರು, ಆ ಕೆಲಸ ಅವರ ಕೈಯಿಂದ ಯಾವಾಗ ಜಾರಿತು, ಅದನ್ನು ಮರಳಿ ಪಡೆಯುವುದು ಹೇಗೆ ಎಂಬುದನ್ನು ನನಗೆ ತಿಳಿದಷ್ಟರಮಟ್ಟಿಗೆ ಇಲ್ಲಿ ನಿರೂಪಿಸುತ್ತೇನೆ. ನಿಮ್ಮಲ್ಲಿ ಹಲವರು ಈಗ ಸ್ವತಃ ಶಿಕ್ಷಕರು, ಇನ್ನು ಹಲವರು ಮಕ್ಕಳ ತಂದೆತಾಯಂದಿರು. ಆದ್ದರಿಂದ ವಿಷಯ ನಿಮಗೆ ಹೊರತಾದುದಲ್ಲ.

ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥವೇ ಬರಹದ ದೋಷಗಳನ್ನೂ ವಿಚಾರಿಸುವ ಗ್ರಂಥ ಎಂಬುದನ್ನು ನಾವು ಮರೆಯುತ್ತೇವೆ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಸುಮಾರು 850ರಲ್ಲಿ ಶ್ರೀವಿಜಯನು ರಚಿಸಿದ ‘ಕವಿರಾಜಮಾರ್ಗ’ದ ಮೊದಲನೆಯ ಪರಿಚ್ಛೇದದ ವಿಷಯವೇ ದೋಷಾದೋಷಗಳ ನಿರ್ಣಯ. ಯಾವುದು ದೋಷ, ಯಾವುದು ದೋಷವಲ್ಲ ಎಂಬ ವಿವೇಚನೆ ಅಲ್ಲಿ ಅಲಂಕಾರಗಳ ಚರ್ಚೆಗಿಂತ ಮೊದಲೇ ಬರುತ್ತದೆ. ಆ ಭಾಗದಲ್ಲಿ ಒಂದು ಸೊಗಸಾದ ಹೋಲಿಕೆಯಿದೆ. ಕಣ್ಣು ತನಗೆ ಹಚ್ಚಿದ ಕಾಡಿಗೆಯನ್ನು ತಾನು ಕಾಣಲಾರದು. ಹಾಗೆಯೇ ಬರೆದವನು ಏನು ಮಾಡಿದರೂ ತನ್ನ ದೋಷವನ್ನು ಕಾಣಲಾರನು ಎಂಬುದು ಅದರ ಭಾವ. ಬರೆದುದನ್ನು ಬಲ್ಲವರಿಗೆ ತೋರಿಸಬೇಕೆಂಬ ಬುದ್ಧಿವಾದ ಅದರಿಂದ ತಾನಾಗಿ ಹೊರಡುತ್ತದೆ.

ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ಈ ಮಾತಿನಲ್ಲಿ ಒಂದು ಸೂಕ್ಷ್ಮವಿದೆ. ತಪ್ಪು ಕಾಣದಿರುವುದಕ್ಕೆ ಕಾರಣ ಅಜ್ಞಾನವಲ್ಲ, ಸಾಮೀಪ್ಯ. ಕಣ್ಣಿಗೆ ಕಾಡಿಗೆ ಕಾಣದಿರುವುದು ಕಣ್ಣಿನ ದೋಷದಿಂದಲ್ಲ. ಅದು ಕಣ್ಣಿಗೆ ತೀರ ಹತ್ತಿರ ಇರುವುದರಿಂದ. ನಾವು ಬರೆದುದನ್ನು ನಾವೇ ಓದುವಾಗ ಕಾಗದದ ಮೇಲಿನ ಅಕ್ಷರಗಳನ್ನು ಓದುವುದಿಲ್ಲ, ಮನಸ್ಸಿನಲ್ಲಿರುವ ವಾಕ್ಯವನ್ನು ಓದುತ್ತೇವೆ. ‘ಪರಿಸ್ಥಿತಿ’ ಎಂದು ಬರೆಯಬೇಕೆಂದು ಮನಸ್ಸು ಹೇಳಿರುತ್ತದೆ, ಕೈ ‘ಪರಿಸ್ತಿತಿ’ ಎಂದು ಬರೆದಿರುತ್ತದೆ, ಓದುವಾಗ ಮನಸ್ಸು ‘ಪರಿಸ್ಥಿತಿ’ಯನ್ನೇ ಕಾಣುತ್ತದೆ. ಆದ್ದರಿಂದ ತನ್ನ ಬರಹವನ್ನು ತಾನೇ ತಿದ್ದಿಕೊಳ್ಳುವ ಕಲೆಯೆಂದರೆ, ಹೇಗಾದರೂ ಮಾಡಿ ಅದನ್ನು ಕಣ್ಣಿನಿಂದ ಸ್ವಲ್ಪ ದೂರಕ್ಕೆ ಸರಿಸುವ ಕಲೆ. ಹಿಂದಿನವರು ಈ ದೂರವನ್ನು ಬೇರೆ ಬೇರೆ ರೀತಿಗಳಲ್ಲಿ ಸಾಧಿಸಿಕೊಂಡರು.

ಬರಹದ ಸಾಮಗ್ರಿಯೇ ತಿದ್ದುವ ರೀತಿಯನ್ನು ನಿರ್ಧರಿಸುತ್ತದೆ. ತಾಳೆಗರಿಯ ಮೇಲೆ ಕಂಠದಿಂದ ಕೊರೆದ ಅಕ್ಷರವನ್ನು ಅಳಿಸಲು ಬರುವುದಿಲ್ಲ. ಮೇಲಾಗಿ ಕೊರೆದ ಕೂಡಲೇ ಆ ಅಕ್ಷರ ಸ್ಪಷ್ಟವಾಗಿ ಕಾಣುವುದೂ ಇಲ್ಲ. ಮಸಿಯನ್ನು ಉಜ್ಜಿ ಒರಸಿದ ಮೇಲೆಯೇ ಅಕ್ಷರಗಳು ಎದ್ದು ಬರುತ್ತವೆ. ತಪ್ಪು ಕಾಣುವ ಹೊತ್ತಿಗೆ ಗರಿ ಬರೆದು ಮುಗಿದಿರುತ್ತದೆ. ಬಿಟ್ಟುಹೋದ ಅಕ್ಷರವನ್ನು ಸಾಲಿನ ಮೇಲೆಯೋ ಕೆಳಗೆಯೋ ಬರೆದು, ಅದು ಸೇರಬೇಕಾದ ಸ್ಥಳದಲ್ಲಿ ಹಂಸಪಾದವನ್ನು ಹಾಕುತ್ತಿದ್ದರು. ನಾನು ನಿಮ್ಮ ಪುಸ್ತಕಗಳಲ್ಲಿ ಕೆಂಪು ಶಾಯಿಯಿಂದ ಹಾಕುತ್ತಿದ್ದ ಆ ಚಿಹ್ನೆ ತಾಳೆಗರಿಯ ಕಾಲದಿಂದ ನಡೆದುಬಂದದ್ದು. ಪ್ರತಿಕಾರರು ಗ್ರಂಥದ ಕೊನೆಯಲ್ಲಿ, ತಾವು ನೋಡಿದ ಪ್ರತಿ ಹೇಗಿತ್ತೋ ಹಾಗೆಯೇ ಬರೆದಿದ್ದೇವೆ, ತಪ್ಪಿದ್ದರೆ ದೋಷ ತಮ್ಮದಲ್ಲ, ಬಲ್ಲವರು ತಿದ್ದಿಕೊಂಡು ಓದಬೇಕು ಎಂಬ ಅರ್ಥದ ಮಾತುಗಳನ್ನು ಬರೆಯುವ ವಾಡಿಕೆಯಿತ್ತು. ಇದರಲ್ಲಿ ವಿನಯವೂ ಇದೆ, ಸ್ವಲ್ಪ ಜಾಣತನವೂ ಇದೆ.

ಹಾಗಾದರೆ ಕವಿಗಳು ಮೊದಲ ಬರಹವನ್ನು ಎಲ್ಲಿ ಮಾಡುತ್ತಿದ್ದರು? ಇದಕ್ಕೆ ಉತ್ತರ ಕುಮಾರವ್ಯಾಸನ ಪ್ರಸಿದ್ಧವಾದ ಆತ್ಮಪ್ರಶಂಸೆಯಲ್ಲಿ ಅಡಗಿದೆ. ಗದುಗಿನ ನಾರಣಪ್ಪನು ‘ಕರ್ಣಾಟ ಭಾರತ ಕಥಾಮಂಜರಿ’ಯ ಪೀಠಿಕೆಯಲ್ಲಿ ತನ್ನ ಅಗ್ಗಳಿಕೆಗಳನ್ನು ಎಣಿಸುತ್ತ, ತಾನು ಹಲಗೆ ಬಳಪಗಳನ್ನು ಹಿಡಿಯುವವನಲ್ಲ, ಇಟ್ಟ ಪದವನ್ನು ಅಳಿಸುವವನಲ್ಲ ಎಂಬ ಅರ್ಥದಲ್ಲಿ ಹೆಮ್ಮೆಪಡುತ್ತಾನೆ. ನಾವು ಇದನ್ನು ಕವಿಯ ಪ್ರತಿಭೆಗೆ ಸಾಕ್ಷಿಯಾಗಿ ಓದುತ್ತೇವೆ. ಚರಿತ್ರೆಯ ದೃಷ್ಟಿಯಿಂದ ಓದಿದರೆ ಅದು ಇನ್ನೊಂದು ಸಂಗತಿಗೂ ಸಾಕ್ಷಿ. ಹಲಗೆ ಹಿಡಿಯದಿರುವುದೇ ಹೆಮ್ಮೆಯ ವಿಷಯವಾಗಬೇಕಾದರೆ, ಮಿಕ್ಕವರೆಲ್ಲ ಹಲಗೆ ಹಿಡಿದು, ಬಳಪದಿಂದ ಬರೆದು, ಅಳಿಸಿ, ಮತ್ತೆ ಬರೆದು, ಸರಿಯೆನಿಸಿದ ಮೇಲೆ ಗರಿಗೆ ಏರಿಸುತ್ತಿದ್ದರೆಂದೇ ಅರ್ಥ. ಕರಡು ಬರೆಯುವುದು ಕವಿಗಳ ಸಾಮಾನ್ಯ ಕ್ರಮವಾಗಿತ್ತು. ಕರಡಿಲ್ಲದೆ ಬರೆಯುವುದು ಅಪವಾದವಾಗಿತ್ತು. ವರ್ತಕರೂ ಶಾನುಭೋಗರೂ ಬಳಸುತ್ತಿದ್ದ, ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಸಿದ್ಧಪಡಿಸಿದ ಕಡತವೂ ಅಳಿಸಿ ಬರೆಯಬಹುದಾದ ಸಾಧನವೇ ಆಗಿತ್ತು.

ಇದೇ ಸಂಗತಿಯನ್ನು ಬಹು ದೂರದ ರೋಮಿನಲ್ಲಿ ಒಬ್ಬ ನಿವೃತ್ತ ಶಿಕ್ಷಕ ಹೇಳಿದ್ದಾನೆ. ಕ್ವಿಂಟಿಲಿಯನ್ ಎಂಬ ಆತ ಇಪ್ಪತ್ತು ವರ್ಷ ಪಾಠ ಹೇಳಿ ನಿವೃತ್ತನಾದ ಮೇಲೆ, ಕ್ರಿಸ್ತಶಕ ಮೊದಲನೆಯ ಶತಮಾನದ ಕೊನೆಯ ಭಾಗದಲ್ಲಿ, ವಾಗ್ಮಿಯ ಶಿಕ್ಷಣದ ಬಗ್ಗೆ ಹನ್ನೆರಡು ಭಾಗಗಳ ಗ್ರಂಥ ಬರೆದ. ಮೇಣದ ಹಲಗೆಯ ಮೇಲೆ ಬರೆಯಿರಿ, ಅಲ್ಲಿ ಅಳಿಸುವುದು ಸುಲಭ. ಎದುರು ಬದಿಯನ್ನು ಖಾಲಿ ಬಿಡಿ, ಆಮೇಲೆ ಹೊಳೆದುದನ್ನು ಸೇರಿಸಬಹುದು ಎನ್ನುತ್ತಾನೆ. ತಿದ್ದುವ ಅತ್ಯುತ್ತಮ ಉಪಾಯವೆಂದರೆ ಬರೆದುದನ್ನು ಕೆಲವು ಕಾಲ ತೆಗೆದಿಟ್ಟು, ಅದು ಬೇರೆಯವರ ಬರಹವೋ ಎಂಬಷ್ಟು ಹೊಸದಾದ ಮೇಲೆ ಓದುವುದು ಎಂಬುದು ಅವನ ಅಭಿಪ್ರಾಯ. ತಿದ್ದಿದ್ದೇ ತಿದ್ದುತ್ತ ಬರಹದ ರಕ್ತವನ್ನೆಲ್ಲ ಹರಿಸಿ ಬಿಡುವವರನ್ನೂ ಆತ ಎಚ್ಚರಿಸುತ್ತಾನೆ. ಶ್ರೀವಿಜಯನು ದೂರಕ್ಕಾಗಿ ಇನ್ನೊಬ್ಬರ ಕಣ್ಣನ್ನು ಬೇಡಿದರೆ, ಕ್ವಿಂಟಿಲಿಯನ್ ಕಾಲವನ್ನು ಬೇಡುತ್ತಾನೆ. ಎರಡೂ ಒಂದೇ ರೋಗಕ್ಕೆ ಮದ್ದು.

ಮೂರನೆಯ ಮದ್ದನ್ನು ನಮ್ಮ ಜಿಲ್ಲೆಯ ಒಬ್ಬ ಶಾಲಾಮಾಸ್ತರರೇ ತೋರಿಸಿಕೊಟ್ಟಿದ್ದಾರೆ. ನಂದಳಿಕೆಯ ಲಕ್ಷ್ಮೀನಾರಣಪ್ಪ, ಅಂದರೆ ಕವಿ ಮುದ್ದಣ (1870–1901), ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದವರು. ಕೆಲವು ಕಾಲ ನಮ್ಮ ಕುಂದಾಪುರದ ಶಾಲೆಯಲ್ಲಿಯೂ ಸೇವೆ ಸಲ್ಲಿಸಿದವರು. ತಮ್ಮ ಕೃತಿಗಳನ್ನು ತಾವೇ ಬರೆದದ್ದೆಂದು ಹೇಳಿಕೊಳ್ಳಲು ಸಂಕೋಚಪಟ್ಟು, ಹಳೆಯ ಗ್ರಂಥಗಳೆಂಬಂತೆ ಮೈಸೂರಿನ ಪತ್ರಿಕೆಗೆ ಕಳುಹಿಸಿದ ಕಥೆ ಎಲ್ಲರಿಗೂ ತಿಳಿದದ್ದೇ. ಅವರ ‘ಶ್ರೀರಾಮಾಶ್ವಮೇಧ’ದಲ್ಲಿ ಕಥೆ ಹೇಳುವವನು ಮುದ್ದಣ, ಕೇಳುವವಳು ಮನೋರಮೆ. ಆಕೆ ಸುಮ್ಮನೆ ಕೇಳುವವಳಲ್ಲ. ಪದ್ಯ ಬೇಡ, ಗದ್ಯವಾಗಲಿ ಎನ್ನುತ್ತಾಳೆ. ಸಂಸ್ಕೃತದ ದೀರ್ಘ ಸಮಾಸಗಳು ಬಂದರೆ ತಡೆದು ಆಕ್ಷೇಪಿಸುತ್ತಾಳೆ. ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಎನ್ನುತ್ತಾಳೆ. ಮನೋರಮೆಯನ್ನು ರಸಿಕತೆಗಾಗಿ ಓದುವುದು ಸರಿಯೇ. ಆದರೆ ಒಬ್ಬ ಬರಹಗಾರ ತನ್ನ ವಿಮರ್ಶಕಿಯನ್ನು ತನ್ನ ಕೃತಿಯೊಳಗೇ ಕೂರಿಸಿಕೊಂಡು, ಆಕೆಯ ಕಿವಿಯಿಂದ ತನ್ನ ವಾಕ್ಯವನ್ನು ಕೇಳಿಸಿಕೊಂಡನೆಂಬುದು ಅದಕ್ಕಿಂತ ದೊಡ್ಡ ಸಂಗತಿ. ಎದುರಿಗೆ ಯಾರೂ ಇಲ್ಲದಿದ್ದರೂ ಒಬ್ಬ ಕೇಳುಗನನ್ನು ಕಲ್ಪಿಸಿಕೊಂಡು ಗಟ್ಟಿಯಾಗಿ ಓದಿದರೆ ಬರಹ ಕಣ್ಣಿನಿಂದ ಕಿವಿಗೆ ಸರಿಯುತ್ತದೆ. ಕಣ್ಣು ಕ್ಷಮಿಸಿದ್ದನ್ನು ಕಿವಿ ಕ್ಷಮಿಸುವುದಿಲ್ಲ.

ಮುದ್ರಣ ಬಂದ ಮೇಲೆ ಈ ಕೆಲಸಕ್ಕೆ ಒಂದು ಹೊಸ ಹೆಸರು ಬಂತು: ಕರಡು ತಿದ್ದುವುದು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ ಮುದ್ರಣಾಲಯ ಆರಂಭವಾದುದು 1841ರಲ್ಲಿ. ಹರ್ಮನ್ ಮೋಗ್ಲಿಂಗರ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಬಂದಾಗ ಅದು ಕಲ್ಲಚ್ಚಿನಲ್ಲಿ ಮುದ್ರಿತವಾಗಿತ್ತು. ಅಂದರೆ ಕೈಬರಹವನ್ನು ಕಲ್ಲಿಗೆ ಇಳಿಸಿ ಅಚ್ಚೊತ್ತಿದ್ದು. ಕಲ್ಲಿಗೆ ಇಳಿದ ಮೇಲೆ ತಿದ್ದುವುದು ಕಷ್ಟ. ಅಚ್ಚುಮೊಳೆಗಳು ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ಒಂದೊಂದು ಮೊಳೆಯನ್ನೂ ತೆಗೆದು ಬೇರೆಯದನ್ನು ಇಡಬಹುದಾದುದರಿಂದ, ಮೊದಲು ಒಂದು ಕರಡಚ್ಚು ತೆಗೆದು, ಓದಿ, ಗುರುತು ಹಾಕಿ, ತಿದ್ದಿ, ಮತ್ತೊಂದು ಕರಡಚ್ಚು ತೆಗೆಯುವ ಕ್ರಮ ರೂಢಿಗೆ ಬಂತು. ಆ ಮುದ್ರಣಾಲಯದಲ್ಲಿ ಕನ್ನಡದ ಮೊಳೆಗಳ ಸುಧಾರಣೆಗೆ ಶ್ರಮಿಸಿದ ಜಾರ್ಜ್ ಪ್ಲೆಬ್ಸ್ಟ್ ಎಂಬವರೇ 1865ರಲ್ಲಿ ಮಂಗಳೂರಿನ ಮೊದಲ ಹಂಚಿನ ಕಾರ್ಖಾನೆಯನ್ನೂ ಸ್ಥಾಪಿಸಿದರು. ನಮ್ಮ ಮನೆಯ ಮಾಡಿಗೂ ನಮ್ಮ ಪುಸ್ತಕದ ಅಕ್ಷರಕ್ಕೂ ಹೀಗೊಂದು ಸಂಬಂಧವಿದೆ. ಅದನ್ನು ಮುಂದೆ ಇನ್ನೊಂದು ಕಾರಣಕ್ಕೆ ನೆನೆಯುತ್ತೇನೆ.

ಕನ್ನಡದ ಕರಡು ತಿದ್ದುವವನ ಕಷ್ಟ ಇಂಗ್ಲಿಷಿನವನಿಗಿಲ್ಲ. ಥ ಮತ್ತು ಧ, ಪ ಮತ್ತು ಷ, ವ ಮತ್ತು ಮ ನೋಟಕ್ಕೆ ಹತ್ತಿರ ಹತ್ತಿರ. ಒತ್ತಕ್ಷರ ಕೆಳಗೆ ಜಾರುತ್ತದೆ, ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಹಾರುತ್ತದೆ, ದೀರ್ಘ ಬಿದ್ದುಹೋಗುತ್ತದೆ. ಇಂತಹ ಲಿಪಿಯಲ್ಲಿ ಫರ್ಡಿನೆಂಡ್ ಕಿಟ್ಟೆಲರ ನಿಘಂಟು, ಸುಮಾರು 70,000 ಶಬ್ದಗಳೊಂದಿಗೆ, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತೆಂಬುದನ್ನು ನೆನೆದರೆ, ಅದರ ಕರಡನ್ನು ಓದಿದ ಕಣ್ಣುಗಳಿಗೆ ಕೈಮುಗಿಯಬೇಕೆನಿಸುತ್ತದೆ. ಇದೇ ಕಿಟ್ಟೆಲರು 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಅಚ್ಚು ಹಾಕಿಸಿದ್ದರು. ಹದಿಮೂರನೆಯ ಶತಮಾನದ ಆ ವೈಯಾಕರಣನೂ ಗ್ರಂಥದ ಆರಂಭದಲ್ಲಿ, ದೋಷವೇನಾದರೂ ಕಂಡರೆ ವಿದ್ವಾಂಸರು ವಿಚಾರಿಸಿ ತಿದ್ದಬೇಕೆಂದು ಕೇಳಿಕೊಳ್ಳುತ್ತಾನೆ. ವ್ಯಾಕರಣ ಬರೆದವನೇ ಹೀಗೆ ಹೇಳಿದ ಮೇಲೆ ಮಿಕ್ಕವರು ನಾಚಿಕೆಪಡುವುದಕ್ಕೆ ಏನಿದೆ?

ಮುದ್ರಣಕಾಲದಲ್ಲಿಯೂ ಬರೆದವನೇ ತನ್ನ ಕರಡನ್ನು ನೋಡಿಕೊಳ್ಳುವ ಸಂಪ್ರದಾಯ ಉಳಿದಿತ್ತು. ಈಗ ಬ್ರಹ್ಮಾವರ ತಾಲೂಕಿಗೆ ಸೇರಿರುವ ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ಪುತ್ತೂರಿನಲ್ಲಿ ತಮ್ಮದೇ ಮುದ್ರಣಾಲಯವನ್ನು ನಡೆಸಿ, ಪುಸ್ತಕ ಬರೆಯುವುದರ ಜೊತೆಗೆ ಅದನ್ನು ಅಚ್ಚುಮಾಡುವ ಕೆಲಸದಲ್ಲಿಯೂ ಕೈಹಾಕಿದರು. ಬರೆಯುವವನಿಗೆ ಅಚ್ಚಿನ ಮನೆಯ ಮಸಿ ಅಂಟಿದರೆ ತನ್ನ ಅಕ್ಷರದ ಬೆಲೆ ತಿಳಿಯುತ್ತದೆ. ಒಂದು ಅನಗತ್ಯ ವಾಕ್ಯವೆಂದರೆ ಮೊಳೆ ಜೋಡಿಸುವವನ ಅಷ್ಟು ಹೊತ್ತಿನ ಶ್ರಮ, ಅಷ್ಟು ಕಾಗದ, ಅಷ್ಟು ಹಣ.

ಹಾಗಿದ್ದರೆ ಶಾಲೆಯಲ್ಲಿ ಈ ಕೆಲಸ ಮಾಸ್ತರರ ಪಾಲಿಗೆ ಬಂದದ್ದು ಹೇಗೆ? ನಮ್ಮ ಹಳೆಯ ಐಗಳ ಮಠಗಳಲ್ಲಿ ಪ್ರಬಂಧ ಬರೆಸುವ ಕ್ರಮವಿರಲಿಲ್ಲ. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದು, ಮಗ್ಗಿ, ಬಾಯಿಪಾಠ, ಕಾಗದಪತ್ರ ಓದುವುದು ಮುಖ್ಯವಾಗಿದ್ದವು. ನಮ್ಮ ಭಾಷೆಯಲ್ಲಿ ‘ಅಕ್ಷರ ತಿದ್ದು’ ಎಂದರೆ ಅಕ್ಷರ ಕಲಿ ಎಂದೇ ಅರ್ಥ ಎಂಬುದನ್ನು ಗಮನಿಸಿ. ಬರೆದ ಗೆರೆಯ ಮೇಲೆಯೇ ಮತ್ತೆ ಮತ್ತೆ ಬೆರಳಾಡಿಸುವುದು ಕಲಿಕೆ, ಕಲಿಯುವವನೇ ತಿದ್ದುವವನು. ದಕ್ಷಿಣ ಕನ್ನಡವು 1956ರ ನವೆಂಬರ್ 1ರವರೆಗೆ ಮದರಾಸು ಆಡಳಿತದಲ್ಲಿತ್ತು. ಆ ವ್ಯವಸ್ಥೆಯ ಮೂಲಕ ಸಾರ್ವಜನಿಕ ಪರೀಕ್ಷೆ ಬಂತು, ಪರೀಕ್ಷೆಯೊಡನೆ ‘ಕಾಂಪೊಸಿಶನ್’ ಪುಸ್ತಕ ಬಂತು, ಅದರೊಡನೆ ಕೆಂಪು ಶಾಯಿ ಬಂತು. ಪರೀಕ್ಷಕ ಬೇರೆ ಊರಿನವನು, ಮುಖ ಕಾಣದವನು. ಅವನು ಅಂಕ ಕೊಡುವವನೇ ಹೊರತು ಮಾತಾಡುವವನಲ್ಲ. ತೀರ್ಪು ಹೊರಗಿನಿಂದ ಬರುವುದೆಂದಾದ ಮೇಲೆ ಒಳಗಿನ ತೀರ್ಪುಗಾರನಿಗೆ ಕೆಲಸವಿಲ್ಲವಾಯಿತು.

ಇದರ ಪರಿಣಾಮವನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಒಂದು ವರ್ಷ ಬೇರೊಂದು ಶಾಲೆಯಿಂದ ನಮ್ಮಲ್ಲಿಗೆ ಎಂಟನೆಯ ತರಗತಿಗೆ ಬಂದ ಒಬ್ಬ ಹುಡುಗಿಯ ಹಳೆಯ ಪುಸ್ತಕದಲ್ಲಿ ನೀಲಿಗಿಂತ ಕೆಂಪು ಹೆಚ್ಚಾಗಿತ್ತು. ಆಕೆ ಅದರಿಂದ ಒಂದು ಪಾಠ ಕಲಿತಿದ್ದಳು: ಕಡಿಮೆ ಬರೆದರೆ ಕಡಿಮೆ ತಪ್ಪು. ಮೂರು ನಾಲ್ಕು ಪದಗಳ ವಾಕ್ಯಗಳು, ಖಚಿತವಾಗಿ ಗೊತ್ತಿದ್ದ ಶಬ್ದಗಳು ಮಾತ್ರ. ಆಡುವಾಗ ಅರಳು ಹುರಿದಂತೆ ಮಾತಾಡುವ ಹುಡುಗಿ ಬರೆಯುವಾಗ ಮೂಕಿಯಾಗುತ್ತಿದ್ದಳು. ಕಾಗುಣಿತ ಸರಿಯಾಗಿತ್ತು, ಪ್ರಬಂಧ ಇರಲಿಲ್ಲ.

ಆ ವರ್ಷ ತರಗತಿಗೆ ನಾನೊಂದು ಕ್ರಮ ಹಾಕಿಕೊಟ್ಟೆ. ಪ್ರಬಂಧವನ್ನು ಪುಸ್ತಕದ ಬಲಪುಟದಲ್ಲಿ ಮಾತ್ರ ಬರೆಯಬೇಕು, ಎಡಪುಟ ಖಾಲಿಯಿರಬೇಕು. ಒಂದು ವಾರ ಪುಸ್ತಕ ನನ್ನ ಮೇಜಿನೊಳಗೆ. ವಾರ ಕಳೆದ ಮೇಲೆ ಅವರವರ ಪುಸ್ತಕ ಅವರವರಿಗೆ, ಕೈಯಲ್ಲಿ ಪೆನ್ಸಿಲು. ಮೊದಲ ಓದಿನಲ್ಲಿ ಕಾಗುಣಿತವನ್ನು ನೋಡುವಂತಿಲ್ಲ. ಉತ್ತರಿಸಬೇಕಾದ ಪ್ರಶ್ನೆಗಳು ಮೂರೇ: ನಾನು ಹೇಳಹೊರಟದ್ದೇನು? ಹೇಳಿದ್ದೇನೆಯೇ? ಇಡೀ ತರಗತಿಯಲ್ಲಿ ನಾನೊಬ್ಬನೇ ಬರೆಯಬಹುದಾಗಿದ್ದ ವಾಕ್ಯ ಯಾವುದು? ಅದರ ಉತ್ತರವನ್ನು ಎಡಪುಟದಲ್ಲಿ ಬರೆಯಬೇಕು.

ಕಾಗುಣಿತ ಮೊದಲೇಕೆ ಬೇಡ ಎಂದು ಮಕ್ಕಳು ಕೇಳಿದ್ದುಂಟು. ಹಂಚಿನ ಮಾಡನ್ನು ಕಂಡವರಿಗೆ ವಿವರಿಸುವುದು ಸುಲಭ. ಮಳೆಗಾಲಕ್ಕೆ ಮುಂಚೆ ಮಾಡು ಪರೀಕ್ಷಿಸುವ ಬಡಗಿ ಮೊದಲು ಪಕಾಸನ್ನು ನೋಡುತ್ತಾನೆ, ಆಮೇಲೆ ರೀಪು, ಕೊನೆಗೆ ಹಂಚು. ಪಕಾಸು ಗೆದ್ದಲು ಹಿಡಿದಿರುವಾಗ ಒಡೆದ ಹಂಚನ್ನು ಬದಲಿಸಿ ಪ್ರಯೋಜನವಿಲ್ಲ. ಪ್ರಬಂಧದ ವಿಚಾರ ಪಕಾಸು, ವಾಕ್ಯಗಳ ಜೋಡಣೆ ರೀಪು, ಕಾಗುಣಿತ ಹಂಚು. ನಾಳೆ ತೆಗೆದು ಹಾಕಬೇಕಾದ ವಾಕ್ಯದ ಒತ್ತಕ್ಷರವನ್ನು ಇಂದು ತಿದ್ದುವುದು ವ್ಯರ್ಥ ಶ್ರಮ. ಮೌಲ್ಯಮಾಪನ ಮೊದಲು, ಕರಡು ತಿದ್ದುವುದು ಕೊನೆಗೆ. ಹಾಗೆಂದು ಹಂಚು ಮುಖ್ಯವಲ್ಲವೆಂದಲ್ಲ. ಒಂದು ಹಂಚು ಒಡೆದರೂ ಸೋರುವುದು ಮನೆಯ ಒಳಗೇ.

ಆ ಹುಡುಗಿ ಬರೆದದ್ದು ತನ್ನೂರಿನ ಕಡವಿನ ಬಗ್ಗೆ. ಆರಂಭ ಎಲ್ಲರಂತೆ, ನದಿಗಳು ನಾಗರಿಕತೆಯ ತೊಟ್ಟಿಲುಗಳು ಎಂದು. ಅದು ಗೈಡಿನ ವಾಕ್ಯ. ಅರ್ಧ ಪುಟದ ಕೆಳಗೆ, ಮಳೆಯಲ್ಲಿ ದೋಣಿ ದಾಟಿಸುವವನು ಶಾಲೆಯ ಮಕ್ಕಳ ಪುಸ್ತಕಗಳನ್ನೆಲ್ಲ ತನ್ನ ಗೊರಬಿನ ಕೆಳಗೆ ಇಟ್ಟುಕೊಂಡು ತಾನು ನೆನೆಯುತ್ತಿದ್ದನೆಂಬ ಒಂದು ಪುಟ್ಟ ವಾಕ್ಯವಿತ್ತು. ಮೂರನೆಯ ಪ್ರಶ್ನೆಗೆ ಆಕೆ ಎಡಪುಟದಲ್ಲಿ ಆ ವಾಕ್ಯವನ್ನೇ ಬರೆದಳು. ಬಹಳ ಹೊತ್ತು ಕುಳಿತಿದ್ದು, ಮೊದಲ ವಾಕ್ಯದ ಮೇಲೆ ತಾನೇ ಗೆರೆ ಎಳೆದು, ಗೊರಬಿನ ವಾಕ್ಯವನ್ನು ಮೊದಲಿಗೆ ತಂದಳು. ಅದಕ್ಕೆ ಹೊಂದಿಕೊಳ್ಳಲು ಮಿಕ್ಕವೆಲ್ಲ ಬದಲಾಗಬೇಕಾಯಿತು, ಬದಲಾಯಿಸಿದಳು. ಎರಡನೆಯ ಪ್ರತಿ ಮೊದಲಿನದಕ್ಕಿಂತ ಎರಡು ಪಟ್ಟು ಉದ್ದವಾಗಿತ್ತು. ಅದರಲ್ಲಿ ತಪ್ಪುಗಳೂ ಹೆಚ್ಚಾಗಿದ್ದವು. ನನಗೆ ಸಂತೋಷವಾಯಿತು. ತಪ್ಪುಗಳನ್ನು ತಿದ್ದಬಹುದು, ಬರೆಯದಿದ್ದುದನ್ನು ತಿದ್ದಲು ಬರುವುದಿಲ್ಲ.

ಇಲ್ಲಿ ನಮ್ಮ ಕಡೆಯ ಒಂದು ವಿಶೇಷ ಸಮಸ್ಯೆಯನ್ನು ಹೇಳಲೇಬೇಕು. ಕುಂದಾಪುರ, ಬೈಂದೂರು, ಬ್ರಹ್ಮಾವರ ಈ ಮೂರೂ ತಾಲೂಕುಗಳ ಬಹುಪಾಲು ಮಕ್ಕಳ ಮನೆಮಾತು ಕುಂದಾಪ್ರ ಕನ್ನಡ. ಆ ಮಗು ‘ಹೋಪುದು’, ‘ಬಪ್ಪುದು’, ‘ಕಾಂಬುದು’ ಎಂದು ಬರೆದರೆ ಅದು ತಪ್ಪೇ? ‘ಕಾಂಬ’, ‘ಬಪ್ಪ’ ಎಂಬ ರೂಪಗಳು ಹಳಗನ್ನಡದ ‘ಕಾಣ್ಬ’, ‘ಬರ್ಪ’ಗಳಿಂದ ನೇರವಾಗಿ ಇಳಿದುಬಂದವು, ನಡುಗನ್ನಡದ ಕವಿಗಳು ಧಾರಾಳವಾಗಿ ಬಳಸಿದವು. ಪುಸ್ತಕದ ಕನ್ನಡ ಬಿಟ್ಟುಕೊಟ್ಟದ್ದನ್ನು ನಮ್ಮ ಅಜ್ಜಿಯಂದಿರ ನಾಲಿಗೆ ಕಾಪಾಡಿದೆ. ಕವಿರಾಜಮಾರ್ಗಕಾರನೂ, ದೇಶ ದೇಶಕ್ಕೆ ಕನ್ನಡ ಬೇರೆ ಬೇರೆಯಾಗಿರುವುದರಿಂದ ಅವುಗಳ ದೋಷ ಇಷ್ಟೇ ಎಂದು ನಿರ್ಣಯಿಸಹೊರಟರೆ ವಾಸುಕಿಗೂ ಬೇಸರವಾದೀತು ಎಂಬ ಅರ್ಥದ ಮಾತನ್ನಾಡಿದ್ದಾನೆ. ದೋಷನಿರ್ಣಯವನ್ನೇ ಕೈಗೆತ್ತಿಕೊಂಡವನು ಆಡಿದ ಈ ಮಾತು ಕೆಂಪು ಶಾಯಿಯ ಪೆನ್ನು ಹಿಡಿಯುವ ಪ್ರತಿಯೊಬ್ಬರಿಗೂ ತಿಳಿದಿರಬೇಕು.

ಹಾಗೆಂದು ಪರೀಕ್ಷೆಯ ಪ್ರಬಂಧವನ್ನು ಕುಂದಾಪ್ರ ಕನ್ನಡದಲ್ಲಿ ಬರೆಯಲಾಗದು. ದೂರದ ಬೀದರಿನ ಪರೀಕ್ಷಕನಿಗೂ ಅದು ತಿಳಿಯಬೇಕಲ್ಲ. ಆದ್ದರಿಂದ ನಾನು ಅಂತಹ ಪದಗಳ ಕೆಳಗೆ ತಪ್ಪಿನ ಗುರುತನ್ನು ಹಾಕದೆ, ಪೆನ್ಸಿಲಿನಿಂದ ಒಂದು ವೃತ್ತವನ್ನು ಮಾತ್ರ ಎಳೆಯಲು ಮಕ್ಕಳಿಗೇ ಹೇಳುತ್ತಿದ್ದೆ. ವೃತ್ತದ ಅರ್ಥ: ಇದು ಮನೆಯ ಮಾತು, ಇಲ್ಲಿ ಇರಬೇಕೇ, ಬೇಡವೇ, ನೀನೇ ನಿರ್ಧರಿಸು. ಕೆಲವು ಮಕ್ಕಳು ನಿರೂಪಣೆಯನ್ನು ಗ್ರಂಥಭಾಷೆಗೆ ಬದಲಿಸಿ, ಅಜ್ಜಿಯ ಮಾತನ್ನು ಮಾತ್ರ ಹಾಗೆಯೇ ಉಳಿಸಿಕೊಂಡರು. ಹದಿಮೂರು ವರ್ಷದ ಮಗು ತಾನೇ ಕಂಡುಕೊಂಡ ಈ ಉಪಾಯ ದೊಡ್ಡ ಲೇಖಕರದ್ದೂ ಹೌದು. ಕುಂದಾಪುರದವರೇ ಆದ ವೈದೇಹಿಯವರ ಕಥೆಗಳಲ್ಲಿ ಈ ಮಾತು ಎಷ್ಟು ಜೀವಂತವಾಗಿದೆಯೆಂಬುದು ನಿಮಗೆ ಗೊತ್ತು. ಅವರ ‘ಕ್ರೌಂಚ ಪಕ್ಷಿಗಳು’ 2009ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. 2019ರಿಂದ ಆಸಾಡಿ ಅಮಾವಾಸ್ಯೆಯಂದು ವಿಶ್ವ ಕುಂದಾಪ್ರ ಕನ್ನಡ ದಿನವನ್ನೂ ಆಚರಿಸುತ್ತಿದ್ದಾರೆ. ಹಿಂದೆ ಕೆಂಪು ಗೆರೆಯ ಕೆಳಗೆ ತಲೆತಗ್ಗಿಸಿದ್ದ ಮಾತು ಇಂದು ವೇದಿಕೆ ಏರಿದೆ.

ಇನ್ನು ಕರಡು ತಿದ್ದುವ ಕೊನೆಯ ಹಂತಕ್ಕೆ ಬರೋಣ. ಇದಕ್ಕೆ ಅಚ್ಚಿನ ಮನೆಯವರ ಉಪಾಯಗಳೇ ಉತ್ತಮ. ಓದುವ ಸಾಲಿನ ಕೆಳಗೆ ಒಂದು ಅಳತೆಪಟ್ಟಿಯನ್ನೋ ಹಳೆಯ ಕಾರ್ಡನ್ನೋ ಇಟ್ಟು, ಮುಂದಿನ ಸಾಲು ಕಾಣದಂತೆ ಮಾಡಿಕೊಳ್ಳಿ. ಕೊನೆಯ ವಾಕ್ಯದಿಂದ ಮೊದಲ ವಾಕ್ಯದ ಕಡೆಗೆ, ಹಿಂದು ಹಿಂದಾಗಿ ಓದಿ. ಅರ್ಥದ ಪ್ರವಾಹ ಕಡಿದುಹೋಗುವುದರಿಂದ ಅಕ್ಷರಗಳು ಕಾಣತೊಡಗುತ್ತವೆ. ಒಂದು ಓದಿನಲ್ಲಿ ಒಂದೇ ಬಗೆಯ ತಪ್ಪನ್ನು ಹುಡುಕಿ: ಒಮ್ಮೆ ಅಲ್ಪಪ್ರಾಣ ಮಹಾಪ್ರಾಣ, ಒಮ್ಮೆ ಶ ಷ ಸ, ಒಮ್ಮೆ ಕರ್ತೃ ಕ್ರಿಯಾಪದಗಳ ಹೊಂದಾಣಿಕೆ. ನಮ್ಮ ಕಡೆಯವರು ಪದದ ಕೊನೆಯ ಸ್ವರವನ್ನು ನುಂಗುವವರಾದ್ದರಿಂದ ಅದಕ್ಕೊಂದು ಪ್ರತ್ಯೇಕ ಓದು ಬೇಕು. ಎಲ್ಲಕ್ಕಿಂತ ಮುಖ್ಯವ��ಗಿ, ಪುಸ್ತಕದ ಕೊನೆಯ ಪುಟದಲ್ಲಿ ನಿಮ್ಮದೇ ತಪ್ಪೋಲೆಯೊಂದನ್ನು ಬರೆದಿಡಿ. ಪ್ರತಿಯೊಬ್ಬನೂ ಸಾವಿರ ಬಗೆಯ ತಪ್ಪು ಮಾಡುವುದಿಲ್ಲ, ಏಳೆಂಟು ತಪ್ಪುಗಳನ್ನೇ ಸಾವಿರ ಬಾರಿ ಮಾಡುತ್ತಾನೆ. ‘ಉಚ್ಛಾರ’ ಎಂದು ಬರೆಯುವವನು ಯಾವಾಗಲೂ ಹಾಗೆಯೇ ಬರೆಯುತ್ತಾನೆ. ಅದು ‘ಉಚ್ಚಾರ’ ಎಂದು ತನ್ನ ಕೈಯಿಂದ ಒಮ್ಮೆ ಪಟ್ಟಿಗೆ ಏರಿಸಿದರೆ ಅರ್ಧ ಗೆದ್ದಂತೆ.

ಪರೀಕ್ಷೆಯಲ್ಲಿ ಇದಕ್ಕೆಲ್ಲ ಸಮಯವೆಲ್ಲಿ ಎಂದು ಕೇಳುವವರಿದ್ದಾರೆ. ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಈಚಿನ ವರ್ಷಗಳಲ್ಲಿ ಪ್ರಶ್ನೆಪತ್ರಿಕೆಯನ್ನು ಓದಲು ಪ್ರತ್ಯೇಕವಾಗಿ 15 ನಿಮಿಷ ಕೊಡುತ್ತಾರೆ. ಉತ್ತರಪತ್ರಿಕೆಯನ್ನು ಓದಲು ಯಾರೂ ಕೊಡುವುದಿಲ್ಲ. ಅದನ್ನು ನಾವೇ ಉಳಿಸಿಕೊಳ್ಳಬೇಕು. ಕೊನೆಯ ಹತ್ತು ನಿಮಿಷ ಬರೆಯುವ ಇನ್ನೊಂದು ಪ್ಯಾರಾಕ್ಕಿಂತ, ಬರೆದುದನ್ನು ಓದುವ ಹತ್ತು ನಿಮಿಷ ಹೆಚ್ಚು ಅಂಕ ತರುತ್ತದೆಂಬುದು ಉತ್ತರಪತ್ರಿಕೆಗಳನ್ನು ಮೌಲ್ಯಮಾಪನ ಮಾಡಿದ ನನ್ನ ಅನುಭವ.

ಆದರೆ ಇದು ಅಂಕದ ಮಾತಷ್ಟೇ ಅಲ್ಲ. ತಾಳಮದ್ದಳೆಯ ಅರ್ಥಧಾರಿಯನ್ನು ನೆನೆಯಿರಿ. ಬಾಯಿಂದ ಹೊರಟ ಮಾತನ್ನು ಅವನು ಹಿಂದಕ್ಕೆ ತೆಗೆದುಕೊಳ್ಳಲಾರ; ಎದುರಾಳಿ ಅದನ್ನು ಹಿಡಿದುಬಿಡುತ್ತಾನೆ. ಬರಹ ಮನುಷ್ಯನಿಗೆ ಕೊಟ್ಟ ದೊಡ್ಡ ವರವೆಂದರೆ ಕೊಡುವ ಮೊದಲು ಹಿಂದಕ್ಕೆ ತೆಗೆದುಕೊಳ್ಳುವ ಅವಕಾಶ. ಬೈಂದೂರು ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನೂರಿನ ತೋಡಿಗೆ ಒಂದು ಕಾಲುಸಂಕ ಬೇಕೆಂದು ಪಂಚಾಯತಿಗೆ ಬರೆದ ಅರ್ಜಿಯ ಎರಡು ಪ್ರತಿಗಳನ್ನು ನನಗೆ ತೋರಿಸಿದ್ದ. ಮೊದಲನೆಯದರಲ್ಲಿ ಎರಡು ಪುಟ ಸಿಟ್ಟು, ಜನಪ್ರತಿನಿಧಿಗಳ ನಿಂದೆ, ಕೊನೆಗೆ ಒಂದು ಸಾಲಿನಲ್ಲಿ ಸಂಕದ ಬೇಡಿಕೆ. ಎರಡು ದಿನ ಬಿಟ್ಟು ತಾನೇ ಓದಿ, ನಾನು ಹೇಳಹೊರಟದ್ದೇನು ಎಂಬ ಹಳೆಯ ಪ್ರಶ್ನೆಯನ್ನು ಕೇಳಿಕೊಂಡನಂತೆ. ಎರಡನೆಯ ಪ್ರತಿ ಅರ್ಧ ಪುಟ: ತೋಡಿನ ಅಗಲ, ಮಳೆಗಾಲದಲ್ಲಿ ನೀರಿನ ಎತ್ತರ, ಅದನ್ನು ದಾಟಿ ಶಾಲೆಗೆ ಹೋಗುವ ಮಕ್ಕಳ ಸಂಖ್ಯೆ, ಸುತ್ತುಬಳಸಿ ಹೋದರೆ ಆಗುವ ದೂರ. ಆಮೇಲೆ ಬಂದ ಸಂಕ ಆ ಅರ್ಜಿಯಿಂದಲೇ ಬಂತೆಂದು ನಾನು ಹೇಳಲಾರೆ. ಆದರೆ ಸಿಟ್ಟಿನ ಎರಡು ಪುಟವನ್ನು ಓದಿದವರು ಅರ್ಜಿದಾರನನ್ನು ಕುರಿತು ಮಾತಾಡುತ್ತಿದ್ದರು; ಅರ್ಧ ಪುಟವನ್ನು ಓದಿದವರು ತೋಡನ್ನು ಕುರಿತು ಮಾತಾಡಬೇಕಾಯಿತು.

ಈಗ ‘ಬರಹ’, ‘ನುಡಿ’ಗಳ ಕಾಲವೂ ದಾಟಿ, ಮೊಬೈಲೇ ಪದವನ್ನು ತಿದ್ದುವ, ಕೃತಕ ಬುದ್ಧಿಮತ್ತೆ ಇಡೀ ಪ್ರಬಂಧವನ್ನೇ ತಿದ್ದಿ ಕೊಡುವ ಕಾಲ ಬಂದಿದೆ. ಇದನ್ನು ದೂರುವುದು ನನ್ನ ಉದ್ದೇಶವಲ್ಲ. ಕಣ್ಣಿಗೆ ಕಾಡಿಗೆ ಕಾಣುವುದಿಲ್ಲವೆಂದಾದರೆ ಕನ್ನಡಿ ನೋಡುವುದು ತಪ್ಪಲ್ಲ. ಆದರೆ ಕನ್ನಡಿ ಕಾಡಿಗೆಯನ್ನು ತೋರಿಸುತ್ತದೆ. ಹಚ್ಚಬೇಕೇ, ಒರಸಬೇಕೇ ಎಂಬುದನ್ನು ನೋಡುವವರೇ ನಿರ್ಧರಿಸಬೇಕು. ಯಂತ್ರ ‘ಬಪ್ಪುದು’ ಎಂಬುದನ್ನು ‘ಬರುವುದು’ ಎಂದು ಕ್ಷಣದಲ್ಲಿ ಬದಲಿಸೀತು. ಅದು ಅಜ್ಜಿಯ ಮಾತೆಂದು ಅದಕ್ಕೆ ಹೇಳಬೇಕಾದವರು ನೀವು. ಗೈಡಿನ ವಾಕ್ಯವನ್ನು ಅದು ಇನ್ನಷ್ಟು ನಯವಾಗಿಸೀತು. ದೋಣಿಯವನ ಗೊರಬಿನ ವಾಕ್ಯ ಮೊದಲು ಬರಬೇಕೆಂದು ತಿಳಿಯಬೇಕಾದರೆ ಆ ಮಳೆಯಲ್ಲಿ ನೆನೆದಿರಬೇಕು.

ಆದ್ದರಿಂದ ಮನೆಯಲ್ಲಿ ಮಕ್ಕಳಿರುವ ನಿಮಗೆಲ್ಲ ನನ್ನದೊಂದು ವಿನಂತಿ. ಅವರು ಬರೆದದ್ದನ್ನು ನಿಮಗೆ ತೋರಿಸಿದಾಗ ಕೂಡಲೇ ಪೆನ್ನನ್ನು ಕೈಗೆತ್ತಿಕೊಳ್ಳಬೇಡಿ. ಗಟ್ಟಿಯಾಗಿ ಓದಲು ಹೇಳಿ, ಮನೋರಮೆಯಂತೆ ಕಿವಿಗೊಟ್ಟು ಕೇಳಿ, ಅರ್ಥವಾಗದಲ್ಲಿ ಅರ್ಥವಾಗಲಿಲ್ಲವೆಂದಷ್ಟೇ ಹೇಳಿ. ಆಮೇಲೆ ಪೆನ್ಸಿಲನ್ನು ಮಗುವಿನ ಕೈಗೇ ಕೊಡಿ. ಎಡಪುಟ ಖಾಲಿಯಾಗಿಯೇ ಇರಲಿ.